ನಲವತ್ತೈದು ದಿನಗಳ ಕಾಯದೆಯೂ ಬಾಯಿಲ್ಲದ ಉದ್ದಿಮೆದಾರನೂ

ಸಣ್ಣ ಕೈಗಾರಿಕೆಗಳೇ ದೇಶದ ಬೆನ್ನೆಲುಬೆಂದು ಮಂತ್ರಿಮಹೋದಯರು ಸಭೆಸಭೆಗಳಲ್ಲಿ ಸಾರುವದನ್ನು ಕೇಳಿ ಕೇಳಿ ವಾಚಕರ ಕಿವಿಗಳು ದಣಿದಿರಬಹುದು. ಬೆನ್ನೆಲುಬಿಗೆ ಇಷ್ಟೊಂದು ಹೊಗಳಿಕೆ ಸಲ್ಲುತ್ತಿರುವಾಗ, ಅದರ ಮೇಲೆ ಹೇರಿದ ಭಾರವೆಷ್ಟು, ಹೇರಿದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವದಿಲ್ಲ. ಇಂದು ನಾವು ಅದನ್ನೇ ಎತ್ತಬೇಕೆಂದಿದ್ದೇವೆ.

ಬೆಳಗಾವಿಯ ಉದ್ಯಮಬಾಗ, ಮಚ್ಛೆಗಳ ಕಡೆಗೆ ಹೋದವರು ಅಲ್ಲಿಯ ಎರಕದ ಕಾರಖಾನೆಗಳನ್ನು ಕಂಡಿರಬಹುದು. ಮೂವತ್ತು ನಲವತ್ತು ಜನ ಕೆಲಸಗಾರರನ್ನಿಟ್ಟುಕೊಂಡು ನೀರೆತ್ತುವ ಪಂಪಿನ ಭಾಗಗಳನ್ನೋ, ಮೋಟಾರು ಬಂಡಿಯ ಭಾಗಗಳನ್ನೋ ಎರಕ ಹೊಯ್ದು ದೊಡ್ಡ ಕಂಪನಿಗಳಿಗೆ ಕೊಡುವ ಮನುಷ್ಯನ ಲೆಕ್ಕವನ್ನು ಒಮ್ಮೆ ನೋಡಿರಿ. ಬೀಡುಕಬ್ಬಿಣಕ್ಕೆ ರೋಖ ಎಣಿಸಬೇಕು. ಕೂಲಿಯ ದಿನ ಬಂದರೆ ಕೂಲಿ ಕೊಡದೆ ಗತಿಯಿಲ್ಲ. ಕುಲುಮೆಯ ವಿದ್ಯುತ್ತಿನ ಬಿಲ್ಲು ಒಂದು ತಿಂಗಳು ತಡೆದರೆ ತಂತಿ ಕಡಿಯುವವರು ಬಾಗಿಲಿಗೆ ಬರುತ್ತಾರೆ. ಇಷ್ಟನ್ನೆಲ್ಲ ತೆತ್ತು ಮಾಲು ಕಳಿಸಿದ ಮೇಲೆ ಅವನ ಹಣ ಬರುವದು ಯಾವಾಗ? ತೊಂಬತ್ತು ದಿನಕ್ಕೋ, ನೂರಿಪ್ಪತ್ತು ದಿನಕ್ಕೋ, ಕಂಪನಿಯ ಖರೀದಿ ಅಧಿಕಾರಿಗಳ ಚಿತ್ತ ಪ್ರಸನ್ನವಾದ ದಿನಕ್ಕೋ. ಅಷ್ಟು ದಿನ ಬ್ಯಾಂಕಿಗೆ ಬಡ್ಡಿ ಕಟ್ಟುವವನು ಈ ಸಣ್ಣವನು. ಸ್ಪಷ್ಟವಾಗಿ ಹೇಳುವದಾದರೆ, ನೂರಾರು ಕೋಟಿಯ ಕಂಪನಿಗೆ ಬಂಡವಲು ಒದಗಿಸುತ್ತಿರುವ ಸಾವಕಾರ ಇವನೇ. ಬಡ್ಡಿ ಪಡೆಯುವ ಬದಲು ತಾನೇ ಬಡ್ಡಿ ಕಟ್ಟುವಂಥ ವಿಚಿತ್ರ ಸಾವಕಾರ!

ಇದಕ್ಕೆ ಕಾಯದೆಯಿಲ್ಲವೆ? ಇದೆ, ಚೆನ್ನಾಗಿಯೇ ಇದೆ. ೨೦೦೬ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯದೆಯಂತೆ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಮಾಲು ಕೊಂಡವನು, ಏನು ಕರಾರು ಬರೆಸಿಕೊಂಡಿದ್ದರೂ, ೪೫ ದಿನಗಳೊಳಗೆ ಹಣ ಸಲ್ಲಿಸತಕ್ಕದ್ದು. ತಪ್ಪಿದರೆ ರಿಜರ್ವ್ ಬ್ಯಾಂಕು ಗೊತ್ತುಪಡಿಸಿದ ಬ್ಯಾಂಕು ದರದ ಮೂರು ಪಟ್ಟು ಬಡ್ಡಿ. ಅದೂ ತಿಂಗಳು ತಿಂಗಳಿಗೆ ಕೂಡುವ ಚಕ್ರಬಡ್ಡಿ. ತಕರಾರನ್ನು ಕೇಳಲು ರಾಜ್ಯ ಸರಕಾರ ನೇಮಿಸಿದ ಪರಿಷತ್ತು ಇದೆ. ಅದು ೯೦ ದಿನಗಳಲ್ಲಿ ತೀರ್ಮಾನಿಸಬೇಕು. ತೀರ್ಪನ್ನು ಪ್ರಶ್ನಿಸಹೊರಟ ಕಂಪನಿ ಮೊದಲು ಮೊಬಲಗಿನ ನೂರಕ್ಕೆ ೭೫ ಪಾಲನ್ನು ಕೋರ್ಟಿನಲ್ಲಿ ಕಟ್ಟಬೇಕು. ಇದಕ್ಕಿಂತ ಬಿಗಿಯಾದ ಕಾಯದೆಯನ್ನು ಬರೆಯುವದು ಕಷ್ಟ.

ಆದರೂ ಬಾಕಿ ಬಾಕಿಯಾಗಿಯೇ ಉಳಿಯುತ್ತಿರುವದೇಕೆ? ಏಕೆಂದರೆ ಈ ಕಾಯದೆಯ ಬಾಗಿಲನ್ನು ಸಣ್ಣವನೇ ಬಂದು ತಟ್ಟಬೇಕು. ತಟ್ಟಿದ ಮರುದಿನ ಅವನಿಗೆ ಬರುವ ಆರ್ಡರು ನಿಲ್ಲುತ್ತದೆ. ಅವನ ಮಾಲಿನ ಮುಕ್ಕಾಲು ಪಾಲನ್ನು ಕೊಳ್ಳುವವನು ಒಬ್ಬನೇ ಆಗಿರುವಾಗ, ಆ ಒಬ್ಬನ ಮೇಲೆ ಫಿರ್ಯಾದಿ ಕೊಡುವದೆಂದರೆ ತನ್ನ ಕುಲುಮೆಗೆ ತಾನೇ ನೀರು ಹೊಯ್ದುಕೊಂಡಂತೆ. ಅಷ್ಟೇ ಅಲ್ಲ, ಖರೀದಿ ಅಧಿಕಾರಿಗಳು ಒಬ್ಬರನ್ನೊಬ್ಬರು ಬಲ್ಲವರು. ಇಂಥವನು ಪರಿಷತ್ತಿಗೆ ಹೋದನೆಂಬ ಮಾತು ಊರಿಂದೂರಿಗೆ ಹಬ್ಬಲು ಒಂದು ಸಂಜೆ ಸಾಕು. ದೊಡ್ಡವರ ಈ ಬಳಗಕ್ಕೆ ಕಾಯದೆಯ ಪುಸ್ತಕದಲ್ಲಿ ಹೆಸರಿಲ್ಲ. ಆದರೆ ಸಣ್ಣವನ ಬದುಕನ್ನು ಆಳುವದು ಆ ಪುಸ್ತಕವಲ್ಲ, ಈ ಬಳಗವೇ.

ಸಣ್ಣವರಿಗೂ ಬಳಗವುಂಟೆಂದು ಯಾರಾದರೂ ಹೇಳಬಹುದು. ಉಂಟು, ಅಲ್ಲಗಳೆಯುವದಿಲ್ಲ. ಇಲಕಲ್ಲಿನಲ್ಲಿ ಸಾವಕಾರನಿಂದ ನೂಲು ತಂದು, ಸೀರೆ ನೇಯ್ದು ಒಪ್ಪಿಸಿ, ಮಜೂರಿ ಪಡೆಯುವ ನೇಕಾರನಿಗೆ ಮಗಳ ಮದುವೆಗೆ ಕೈಗಡ ಕೊಡುವವನೂ ಆ ಸಾವಕಾರನೇ. ಆ ಕೈಗಡದ ದೆಸೆಯಿಂದ ಬೇರೆಯವನಿಗೆ ಸೀರೆ ಮಾರಲಾಗದಂತೆ ಕಟ್ಟಿಹಾಕುವವನೂ ಅವನೇ. ಕಾರಖಾನೆಗಳಲ್ಲಿಯೂ ಬಹಳ ಭೇದವಿಲ್ಲ. ಸೋದರಮಾವನ ಕಬ್ಬಿಣದ ಅಂಗಡಿಯಿದ್ದವನಿಗೆ ಉದ್ರಿ ಸಿಗುತ್ತದೆ. ಹಣ ತಡವಾದರೂ ಅವನು ಉಸಿರಾಡುತ್ತಾನೆ. ಶಾಲಾಮಾಸ್ತರನ ಮಗನೊಬ್ಬ ಡಿಪ್ಲೋಮಾ ಓದಿ, ಬ್ಯಾಂಕಿನ ಸಾಲದಿಂದ ಯಂತ್ರ ತಂದು ಕೂತರೆ ಎರಡು ಬಿಲ್ಲು ತಡವಾದ ಕೂಡಲೆ ಮುಳುಗುತ್ತಾನೆ. ಜಾಣ್ಮೆಯಲ್ಲಿ ಇವನೇ ಮೇಲಿರಬಹುದು. ಆದರೆ ಇವನಿಗೆ ಮಾವನಿಲ್ಲ. ಮಾವನಿಲ್ಲದವನಿಗಾಗಿಯೇ ಅಲ್ಲವೆ ಸರಕಾರದ ಕಾಯದೆ ಇರಬೇಕಾದದ್ದು?

ಸರಕಾರದ ನಡೆಯನ್ನಾದರೂ ನೋಡೋಣ. ಸರಕು ಮತ್ತು ಸೇವೆಗಳ ತೆರಿಗೆಯ ಕಾಯದೆಯಂತೆ, ಬಿಲ್ಲು ಬರೆದ ಮಾರನೆಯ ತಿಂಗಳಲ್ಲಿಯೇ ತೆರಿಗೆಯನ್ನು ಸಣ್ಣವನು ಕಟ್ಟತಕ್ಕದ್ದು, ಹಣ ಕೈಸೇರಲಿ ಬಿಡಲಿ. ಮಾಲು ಕೊಂಡ ಕಂಪನಿಯಾದರೋ ಆ ತೆರಿಗೆಯ ಲಾಭವನ್ನು ಕೂಡಲೆ ಪಡೆಯಬಹುದು. ೧೮೦ ದಿನಗಳವರೆಗೆ ಹಣ ಕೊಡದಿದ್ದರೂ ಆ ಲಾಭಕ್ಕೆ ಧಕ್ಕೆಯಿಲ್ಲ. ಒಂದು ಕಾಯದೆಯಲ್ಲಿ ೪೫ ದಿನ, ಇನ್ನೊಂದರಲ್ಲಿ ೧೮೦ ದಿನ! ಒಂದೇ ಸರಕಾರದ ಎಡಗೈ ಕೊಟ್ಟದ್ದನ್ನು ಬಲಗೈ ಕಸಿದುಕೊಳ್ಳುವದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಒಪ್ಪಂದವೆಂಬದು ಇಬ್ಬರ ಸ್ವಂತ ವಿಷಯ, ನಡುವೆ ಸರಕಾರ ಬರಕೂಡದೆಂದು ಹೇಳುವ ಪಂಡಿತರೂ ಇದ್ದಾರೆ. ಒಬ್ಬನಿಗೆ ಬೇಡವೆನ್ನುವ ಶಕ್ತಿಯೇ ಇಲ್ಲದಿರುವಾಗ ಅದನ್ನು ಒಪ್ಪಂದವೆಂದು ಕರೆಯುವದು ಮಾತಿನ ಅಪಮಾನ. ಅವರ ಸಂಗಡ ಹೆಚ್ಚು ವಾದಿಸಲು ನಮಗೆ ಇಚ್ಛೆಯಿಲ್ಲ.

ಬಾಯಿ ತೆರೆಯದೆಯೇ ಸಣ್ಣವನಿಗೆ ನ್ಯಾಯ ದೊರಕಿಸುವ ಒಂದು ಹಾದಿಯನ್ನು ಸರಕಾರ ತಾನೇ ಕಂಡುಕೊಂಡಿತ್ತು. ೨೦೨೩ರ ಹಣಕಾಸಿನ ಶಾಸನದಿಂದ ಆದಾಯ ತೆರಿಗೆಗೆ ಒಂದು ಹೊಸ ನಿಯಮ ಸೇರಿ, ೨೦೨೪ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು: ಅವಧಿಯೊಳಗೆ ಕೊಡದ ಸಣ್ಣವರ ಬಾಕಿಯನ್ನು, ನಿಜವಾಗಿ ಕೊಡುವವರೆಗೆ, ಕಂಪನಿ ತನ್ನ ವೆಚ್ಚವೆಂದು ತೋರಿಸಲಾಗದು. ಇಲ್ಲಿ ಫಿರ್ಯಾದಿಯೇ ಬೇಕಿಲ್ಲ. ದೊಡ್ಡವರು ಎಚ್ಚೆತ್ತದ್ದು ಆಗ. ಎಚ್ಚೆತ್ತು ಮಾಡಿದ್ದೇನು? ಕೆಲವರು ಹಣ ಕೊಟ್ಟರು. ಇನ್ನು ಕೆಲವರು, ನಿನ್ನ ಉದ್ಯಮ ನೋಂದಣಿಯನ್ನು ರದ್ದು ಮಾಡಿಸು, ಇಲ್ಲವಾದರೆ ಬೇರೆಯವನಿಂದ ಕೊಳ್ಳುತ್ತೇವೆ ಎಂದರು. ನಿಯಮದಲ್ಲಿಯೂ ಕಿಂಡಿಯಿದೆ: ಏಪ್ರಿಲಿನ ಬಾಕಿಯನ್ನು ಮುಂದಿನ ಮಾರ್ಚಿನಲ್ಲಿ ಸಲ್ಲಿಸಿದರೂ ಆ ವರ್ಷದ ವೆಚ್ಚದಲ್ಲಿ ಅದು ಸೇರುತ್ತದೆ. ಹನ್ನೊಂದು ತಿಂಗಳು ಅನ್ನವಿಲ್ಲದೆ ಕೂತವನಿಗೆ ವರ್ಷಾಂತ್ಯದ ಔತಣ!

ಎಲ್ಲಕ್ಕಿಂತ ಹೆಚ್ಚು ನಮ್ಮನ್ನು ಕೆರಳಿಸುವ ಸಂಗತಿ ಬೇರೆಯೇ ಇದೆ. ಸಣ್ಣವರಿಗೆ ೪೫ ದಿನ ಮೀರಿ ಬಾಕಿಯಿಟ್ಟ ಕಂಪನಿಗಳು ಆ ಬಾಕಿಯನ್ನೂ ತಡದ ಕಾರಣವನ್ನೂ ಆರು ತಿಂಗಳಿಗೊಮ್ಮೆ ಸರಕಾರಕ್ಕೆ ಬರೆದು ತಿಳಿಸಬೇಕೆಂದು ೨೦೧೯ರಲ್ಲಿಯೇ ಆಜ್ಞೆಯಾಗಿದೆ. ಅಂದರೆ ಋಣಗಾರ ಕಂಪನಿಗಳು ತಮ್ಮ ಕೈಯಾರೆ ಬರೆದುಕೊಟ್ಟ ಒಪ್ಪಿಗೆ ಸರಕಾರದ ಕಪಾಟಿನಲ್ಲಿಯೇ ಇದೆ! ಅದನ್ನು ಅಲ್ಲಿಟ್ಟುಕೊಂಡು, ಭಯದಿಂದ ನಡುಗುವ ಎರಕದವನೇ ಬಂದು ಫಿರ್ಯಾದಿ ಕೊಡಲಿ ಎಂದು ಕಾಯುವದು ಆಡಳಿತವೇ?

ಆ ಯಾದಿಯನ್ನು ರಾಜ್ಯದ ಪರಿಷತ್ತಿಗೆ ಒಪ್ಪಿಸಲಿ. ಪರಿಷತ್ತು ತಾನಾಗಿಯೇ ಬಡ್ಡಿಸಮೇತ ವಸೂಲಿಗೆ ತೊಡಗಲಿ. ಒಬ್ಬೊಬ್ಬನ ಹೆಸರಿನಲ್ಲಲ್ಲದೆ ಉದ್ದಿಮೆದಾರರ ಸಂಘದ ಹೆಸರಿನಲ್ಲಿ ದಾವೆ ಹೂಡಲು ಅವಕಾಶವಾಗಲಿ. ಸಾವಕಾರನೆದುರು ಒಂಟಿಯಾಗಿ ನಿಲ್ಲಲಾರದ ರೈತರನ್ನು ಕೂಡಿಸಿ ೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ ನಾಡು ಇದು. ಒಬ್ಬನಿಗಿಲ್ಲದ ಬಾಯಿ ಸಂಘಕ್ಕೆ ಬರುತ್ತದೆಂಬದನ್ನು ನಮಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ಇನ್ನು ಸರಕಾರದ ಸ್ವಂತ ನಿಗಮಗಳೂ ಮಂಡಲಿಗಳೂ ಸಣ್ಣವರಿಗೆ ಇಟ್ಟ ಬಾಕಿಯ ಮಾತು. ಅದಕ್ಕೆ ಯಾವ ಹೊಸ ಕಾಯದೆಯೂ ಬೇಡ, ಯಾವ ಸಮಿತಿಯೂ ಬೇಡ. ಬರುವ ಅಧಿವೇಶನದಲ್ಲಿ ನಿಗಮ ನಿಗಮದ ಬಾಕಿಯನ್ನು, ಎಷ್ಟು ದಿನದ್ದೆಂಬದರ ಸಹಿತ, ಸದನದ ಮೇಜಿನ ಮೇಲಿಡಲಿ.