ಖಾಲಿ ಸೂಟ್‌ಕೇಸಿಗೆ ಕ್ಯಾರಿಯರ್ ಯಾಕೆ?

ಕಳೆದ ಆಷಾಢದಲ್ಲಿ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ದೊಡ್ಡಪ್ಪನ ಕಾರು ಒಂದಿನ ಬೇಕಿತ್ತು. ಪ್ರೀ-ವೆಡ್ಡಿಂಗ್ ಶೂಟು. ದುರ್ಗದ ಕೋಟೆ ಹತ್ರ ಅರ್ಧ ದಿನ, ವಾಣಿವಿಲಾಸದ ಹಿನ್ನೀರಲ್ಲಿ ಅರ್ಧ ದಿನ. ಮೇಲೆ ಒಂದು ವಿಂಟೇಜ್ ಕ್ಯಾರಿಯರ್ ಕೂರಿಸ್ಬಿಡು, ಎರಡು ಚರ್ಮದ ಸೂಟ್‌ಕೇಸ್ ನಾನೇ ತರ್ತೀನಿ." ಸೂಟ್‌ಕೇಸಲ್ಲಿ ಏನಿಡ್ತೀಯೋ ಅಂದೆ. "ಏನೂ ಇಲ್ಲಣ್ಣ, ಖಾಲಿ. ಲುಕ್‌ಗೆ."

ಲುಕ್‌ಗೆ! ಈ ಒಂದು ಪದದ ಮೇಲೆ ನನಗೆ ಹಳೇ ಸಿಟ್ಟಿದೆ. ಇವತ್ತು ಅದನ್ನ ಪೂರ್ತಿ ಕಾರಿಕೊಳ್ತೀನಿ, ಸಹಿಸ್ಕೊಳ್ಳಿ.

ಕಾರಿನ ಪರಿಚಯ ಮೊದಲು. ಮಾರಿಸ್ ಮೈನರ್ ಟ್ರಾವೆಲರ್, 1965ರದ್ದು, 1098 ಸಿಸಿ ಎಂಜಿನ್. ಚಿಕ್ಕಮಗಳೂರು ಕಡೆಯ ಕಾಫಿ ತೋಟದವರೊಬ್ಬರ ಹತ್ರ ಇದ್ದದ್ದನ್ನ ಅಪ್ಪ 1979ರಲ್ಲಿ ಹೊಸದುರ್ಗಕ್ಕೆ ಓಡಿಸಿಕೊಂಡು ಬಂದಿದ್ದು. ಇಂಥ ಉದ್ದ ಬೆನ್ನಿನ ಗಾಡಿಗೆ ಇಂಗ್ಲಿಷರು ಎಸ್ಟೇಟ್ ಕಾರು ಅಂತಾರೆ. ಕಾಫಿ ಎಸ್ಟೇಟಿಂದ ಬಂತಲ್ಲ, ಅದಕ್ಕೇ ಆ ಹೆಸರು ಅಂತ ನಮ್ಮ ಮನೇಲಿ ಬಹಳ ವರ್ಷ ನಂಬಿದ್ವಿ. ಬೀದಿಯ ಹುಡುಗರು ಮಾತ್ರ ಅದನ್ನ 'ಕಿಟಕಿ ಕಾರು' ಅಂತಿದ್ರು. ಯಾಕಂದ್ರೆ ಮುಂದಿನ ಬಾಗಿಲು ದಾಟಿದ ಮೇಲೆ ಇಡೀ ಗಾಡಿಯೇ ಮನೆ ಕಿಟಕಿಯ ಚೌಕಟ್ಟಿನ ಹಾಗೆ, ಪಾಲಿಶ್ ಹೊಡೆದ ಮರ. ನಮ್ಮ ಅಂಬಾಸಿಡರ್ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡಿನಿಂದ; ಆ ಲೆಕ್ಕದಲ್ಲಿ ಇದು ಅಂಬಾಸಿಡರಿಗೆ ದಾಯಾದಿ. 1953ರಿಂದ 1971ರವರೆಗೆ ಇಂಗ್ಲೆಂಡಿನಲ್ಲಿ ತಯಾರಾಯ್ತು.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದ್ರೆ, ಆ ಮರ ಅಲಂಕಾರಕ್ಕಲ್ಲ. ಆಶ್ ಅನ್ನೋ ಮರ ಅದು, ಕ್ರಿಕೆಟ್ ಸ್ಟಂಪು ಮಾಡೋದೂ ಅದರಲ್ಲೇ. ಬಳುಕುತ್ತೆ, ಹೊಡೆತ ತಡೆಯುತ್ತೆ, ಆದ್ರೆ ತೇವ ಅಂದ್ರೆ ಆಗಲ್ಲ. ಹಿಂದಿನ ಅರ್ಧ ಗಾಡಿಯನ್ನ ಎತ್ತಿ ನಿಲ್ಲಿಸಿರೋದೇ ಈ ಮರ. ಪಕ್ಕದ ತಗಡು, ಮೇಲಿನ ಅಲ್ಯೂಮಿನಿಯಂ ಚಾವಣಿ, ಗಾಜು, ಹಿಂದಿನ ಜೋಡಿ ಬಾಗಿಲು ಎಲ್ಲ ಅದನ್ನೇ ನಂಬಿಕೊಂಡಿವೆ. ಇಂಗ್ಲೆಂಡಿನ ವಾಹನ ತಪಾಸಣೆಯಲ್ಲಿ ಈ ಮರ ಕೊಳೆತಿದ್ರೆ ತುಕ್ಕು ಹಿಡಿದ ಚಾಸಿಸ್ ಥರಾನೇ ಲೆಕ್ಕ, ಗಾಡಿ ಫೇಲು.

ಮರದ ಲುಕ್ಕೇ ಬೇಕು ಅನ್ನೋರಿಗೆ ಬೇರೆ ದಾರಿ ಇತ್ತು, ಹೇಳಿಬಿಡ್ತೀನಿ. 1946ರಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿ ಜೀಪ್ ಸ್ಟೇಷನ್ ವ್ಯಾಗನ್ ತಂದಿತು. ಅಪ್ಪಟ ಉಕ್ಕು, ಹೊರಗೆ ಮರದ ಹಾಗೆ ಕಾಣೋ ಬಣ್ಣ. ಅಲ್ಲಿಗೆ ಲುಕ್ ಬೇರೆ ಕೆಲಸ ಬೇರೆ ಆಯ್ತು. ಅದರ ಮೇಲೆ ಏನು ಬೇಕಾದ್ರೂ ಕೊರೀರಿ, ನನ್ನದೇನೂ ತಕರಾರಿಲ್ಲ. ಟ್ರಾವೆಲರಿನಲ್ಲಿ ಎರಡೂ ಒಂದೇ. ಲುಕ್ಕಿಗೆ ಅಂತ ಕೊರೆದ ತೂತು ನೇರ ಬೆನ್ನುಮೂಳೆಗೆ ಬೀಳುತ್ತೆ.

ಇದು ಪುಸ್ತಕ ಓದಿ ಬಂದ ಬುದ್ಧಿಯಲ್ಲ. ನಾನೇ ಮಾಡಿದ ಪಾಪ. 2018ರಲ್ಲಿ, ಬೆಂಗಳೂರಿನ ಕೆಲಸ ಸೇರಿ ಕೈಯಲ್ಲಿ ನಾಲ್ಕು ಕಾಸು ಓಡಾಡ್ತಿದ್ದ ಕಾಲದಲ್ಲಿ, ಕಾರನ್ನ ಅಲ್ಲಿನ ಒಂದು ಅಂಗಡಿಗೆ ಒಯ್ದೆ. ಅರವತ್ತರ ದಶಕದ ಶೈಲಿಯ ಕ್ಯಾರಿಯರ್: ಕ್ರೋಮ್ ಕೊಳವೆ, ನಡುವೆ ಮರದ ಪಟ್ಟಿ, ನೋಡೋಕೆ ಹಬ್ಬ. "ಗಟರಿಗೆ ಕ್ಲಾಂಪ್ ಹಾಕಿದ್ರೆ ಅಸಹ್ಯ ಕಾಣುತ್ತೆ ಸಾರ್, ಮೇಲಿಂದ ಬೋಲ್ಟ್ ಹೊಡೀತೀವಿ, ನೀಟಾಗಿರುತ್ತೆ" ಅಂದ್ರು. ನಾನು ಹೂಂ ಅಂದೆ. ಎಂಟು ಬೋಲ್ಟು. ಅಲ್ಯೂಮಿನಿಯಂ ಚಾವಣಿ ತೂರಿ ಕೆಳಗಿನ ಮರದ ಪಟ್ಟಿಗೆ.

ಗಟರ್ ಅಂದ್ರೆ ಹಳೇ ಕಾರುಗಳ ಚಾವಣಿಯ ಅಂಚಿಗೆ ಮಳೆನೀರು ಹರಿದುಹೋಗೋಕೆ ಇರೋ ಸಣ್ಣ ದೋಣಿ. ಅಂಬಾಸಿಡರಲ್ಲಿ, ಪದ್ಮಿನಿಯಲ್ಲಿ ನೋಡಿರ್ತೀರಿ. ನಮ್ಮ ಟ್ಯಾಕ್ಸಿಯವರು ಕ್ಯಾರಿಯರಿನ ಕಾಲನ್ನ ಅದಕ್ಕೇ ಕಚ್ಚಿಸ್ತಿದ್ರು. ಒಂದೂ ತೂತಿಲ್ಲ, ಬೇಡ ಅಂದ್ರೆ ಹತ್ತು ನಿಮಿಷದಲ್ಲಿ ಬಿಚ್ಚಿ ಕೆಳಗಿಡಬಹುದು. ಅವರಿಗೆ ಗೊತ್ತಿದ್ದದ್ದು ನನಗೆ, ಬಿಇ ಓದಿದವನಿಗೆ, ಗೊತ್ತಿರಲಿಲ್ಲ.

2022 ಬಂತು. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ. ಹಿರಿಯೂರಿಗೆ ಹಿರಿಯೂರೇ ಮಾರಿಕಣಿವೆಗೆ ಬಾಗಿನ ಹೊತ್ತು ಹೊರಟಿತ್ತು, ನಾವೂ ಹೋದ್ವಿ. ವಾಪಸ್ ಬರುವಾಗ ಹಿಂದಿನ ಸೀಟಲ್ಲಿದ್ದ ಅಮ್ಮ, "ಏನೋ ಇದು, ಹಳೇ ಗೋಣಿಚೀಲದ ವಾಸನೆ" ಅಂದ್ಲು. ಮನೆಗೆ ಬಂದು ಒಳಗಿನ ಬಟ್ಟೆ ಸರಿಸಿ ಸ್ಕ್ರೂಡ್ರೈವರ್ ಚುಚ್ಚಿದೆ. ಮಾಗಿದ ಪರಂಗಿಹಣ್ಣಿಗೆ ಚುಚ್ಚಿದ ಹಾಗೆ ಒಳಗೆ ಹೋಯ್ತು. ಎಂಟು ತೂತಲ್ಲೂ ನೀರು ಇಳಿದು, ಉಕ್ಕಿನ ಬೋಲ್ಟು ತುಕ್ಕಾಗಿ, ಅದಕ್ಕೆ ತಾಗಿದ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ, ಮರ ಇದ್ದಲಿನ ಬಣ್ಣಕ್ಕೆ ತಿರುಗಿತ್ತು. ನಾಲ್ಕು ವರ್ಷದಲ್ಲಿ ಆ ಕ್ಯಾರಿಯರ್ ಹೊತ್ತ ಒಟ್ಟು ಸಾಮಾನು ಎಷ್ಟು ಗೊತ್ತಾ? ಸೊನ್ನೆ. ಫೋಟೋಗೆ ಅಂತ ಒಂದು ಸಲ ಅಮ್ಮನ ಟ್ರಂಕು ಇಟ್ಟಿದ್ದೆ, ಅದೂ ಖಾಲಿ.

ರಿಪೇರಿಗೆ ಬೆಂಗಳೂರಲ್ಲಿ ಹೇಳಿದ ದರ ಕೇಳಿ ನೀರು ಕುಡಿದೆ. ಕೊನೆಗೆ ಕೈ ಹಿಡಿದವರು ಹೊಳಲ್ಕೆರೆ ಕಡೆಯ ಒಬ್ಬ ಆಚಾರ್ರು. ಎತ್ತಿನ ಗಾಡಿ ಮಾಡ್ತಾ ಬೆಳೆದವರು, ಈಗ ಬಾಗಿಲು ಕಿಟಕಿ ಮಾಡ್ತಾರೆ. ಕಾರನ್ನ ಒಂದು ಸುತ್ತು ಹಾಕಿ, ಮರವನ್ನ ಉಗುರಲ್ಲಿ ಗೀರಿ, "ನಮ್ ಜಾಲಿ ಇದ್ಕಿಂತ ಗಟ್ಟಿ, ಆದ್ರೆ ಹಿಂಗೆ ಬಳುಕಾದಿಲ್ಲ ಬುಡಪ್ಪ" ಅಂದ್ರು. ಆಮೇಲೆ ತೂತುಗಳನ್ನ ನೋಡಿದ್ರು. "ಯಾವನಪ್ಪ ಇವ್ನು? ಮರ ಹೊರೆ ಹೊರ್ತೈತೆ. ತೂತು ಹೊರ್ತೈತಾ?"

ಕೊಳೆತ ಭಾಗವನ್ನ ಓರೆಯಾಗಿ ಕೊಯ್ದು, ಹಳೇ ಮನೆಯ ತೊಲೆಯಿಂದ ತೆಗೆದ ಸಾಗುವಾನಿ ತುಂಡನ್ನ ಅದೇ ಓರೆಗೆ ಕೂಡಿಸಿ ಅಂಟಿಸಿದ್ರು. ಒಂದೂವರೆ ತಿಂಗಳು ಹಿಡೀತು. ಆಶ್ ಎಲ್ಲಿ ಮುಗಿದು ಸಾಗುವಾನಿ ಎಲ್ಲಿ ಶುರುವಾಗುತ್ತೆ ಅಂತ ಬಣ್ಣದಲ್ಲೇ ಗೊತ್ತಾಗುತ್ತೆ. ನಾನು ಮುಚ್ಚಿಸಲಿಲ್ಲ.

ಈಗ ಇನ್ನೊಂದು ಪಂಗಡದ ಕಡೆ ತಿರುಗ್ತೀನಿ. ಹಳೇ ಕಾರಿನ ಶುದ್ಧಾಚಾರಿಗಳು. ಇವರ ಪ್ರಕಾರ ಕ್ಯಾರಿಯರೇ ಅಪಚಾರ. ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಇಟ್ಟು, ಭಾನುವಾರ ಒರೆಸಿ, ಮತ್ತೆ ಬಟ್ಟೆ ಹೊದಿಸಿ ಮಲಗಿಸಬೇಕು. ಇವರಿಗೆ ಬಲ ಬಂದಿರೋದು 2021ರ ಜುಲೈನ ಕೇಂದ್ರದ ನಿಯಮದಿಂದ. ಐವತ್ತು ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದ ಗಾಡಿಗೆ ವಿಂಟೇಜ್ ಅಂತ ನೋಂದಣಿ, ನಂಬರ್ ಪ್ಲೇಟಲ್ಲಿ 'ವಿಎ' ಅಕ್ಷರ, ಹೊಸದಾಗಿ ಮಾಡಿಸೋಕೆ 20,000 ರೂಪಾಯಿ. ಹೆಮ್ಮೆಯ ವಿಷಯವೇ. ಆದ್ರೆ ಆ ಪ್ಲೇಟ್ ಹಾಕಿಸಿದ ಮೇಲೆ ಗಾಡಿಯನ್ನ ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲಿಗೆ ತೆಗೀಬಹುದೇ ಹೊರತು ದಿನದ ಓಡಾಟಕ್ಕೆ ಇಲ್ಲ. ಹೊಸದುರ್ಗದ ತೋಟದಿಂದ ಕಾಯಿ ತರೋದು ಪ್ರದರ್ಶನ ಆಗುತ್ತಾ? ನಾನು ಆ ಗೋಜಿಗೆ ಹೋಗಿಲ್ಲ. ಹಳೇ ನಂಬರಲ್ಲೇ ಐದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸ್ತೀನಿ. ಶುದ್ಧಾಚಾರಿಗಳ ಒಂದು ಮಾತು ಮಾತ್ರ ಒಪ್ತೀನಿ: ಬಾಡಿ ಮುಟ್ಟಬೇಡ. ಈ ಕಾರಲ್ಲಿ ಬಾಡಿ ಅಂದ್ರೇ ಮರ.

ಆದ್ರೆ ಕ್ಯಾರಿಯರ್ ಬೇಡ್ವೇ ಬೇಡ ಅನ್ನೋರು ನಮ್ಮ ಕಡೆಯ ಕಾರುಗಳ ಇತಿಹಾಸ ನೋಡಿಲ್ಲ. ನನ್ನ ಬಾಲ್ಯದಲ್ಲಿ ಕ್ಯಾರಿಯರಿಲ್ಲದ ಬಾಡಿಗೆ ಅಂಬಾಸಿಡರ್ ನೋಡಿದ ನೆನಪೇ ಇಲ್ಲ. ಊರಿನ ವೆಲ್ಡಿಂಗ್ ಶಾಪಲ್ಲಿ ಅರ್ಧ ಇಂಚಿನ ಪೈಪು ಬಗ್ಗಿಸಿ ಮಾಡಿದ್ದು, ಅಡಿಗೆ ರೀಪರು. ಧರ್ಮಸ್ಥಳಕ್ಕೆ ಹೊರಟ್ರೆ ಹಾಸಿಗೆ ಸುರುಳಿ, ಸ್ಟೌ, ಅಕ್ಕಿಚೀಲ. ಮದುವೆಗೆ ಹೊರಟ್ರೆ ಕೊಳಗ, ಜಮಖಾನ. ಮೇಲೆ ಟಾರ್ಪಾಲು, ಅದರ ಮೇಲೆ ನಾರಿನ ಹಗ್ಗದ ಜಾಲ. ಅಕ್ಕನ ಮದುವೆಯಾಗಿ ಹಿರಿಯೂರಿಗೆ ಹೋದಾಗ ಅವಳ ಬೀರು ಹೋಗಿದ್ದೂ ಹಾಗೇ, ಮಲಗಿಕೊಂಡು. ಹಿಂದೆ ಬರ್ತಿದ್ದ ಬಸ್ಸಿನವನು ದಾರಿಯುದ್ದಕ್ಕೂ ಹಾರ್ನ್ ಹೊಡೆದ. ಒಳಗೆ ಒಂಬತ್ತು ಜನ. ಇದೆಲ್ಲ ಸರಿ ಅಂತ ಹೇಳ್ತಿಲ್ಲ, ಖಂಡಿತ ತಪ್ಪು. ಆದ್ರೆ ಆ ಕ್ಯಾರಿಯರಿಗೆ ಒಂದು ಕೆಲಸ ಇತ್ತು. ಇವತ್ತಿನ 'ಪೀರಿಯಡ್ ಸ್ಟೈಲ್' ಕ್ಯಾರಿಯರ್ ಹೈವೇ ಹೋಟೆಲಿನ ಗೋಡೆಗೆ ಮೊಳೆ ಹೊಡೆದ ಗಾಡಿಚಕ್ರದ ಜಾತಿಗೆ ಸೇರಿದ್ದು. ಆ ಚಕ್ರದ ಕೆಳಗೆ ಕೂತು ಮಸಾಲೆದೋಸೆ ತಿನ್ನೋರಿಗೆ ಅದರ ಅಚ್ಚು ಎಲ್ಲಿ ಸವೆದಿದೆ ಅಂತ ನೋಡೋ ವ್ಯವಧಾನ ಇಲ್ಲ.

ಹಾಗಾಗಿ ನಾನು ಮತ್ತೆ ಕ್ಯಾರಿಯರ್ ಹಾಕಿಸಿದೆ. ಹೌದು, ಅದೇ ಕ್ರೋಮಿನದ್ದೇ, ದುಡ್ಡು ಕೊಟ್ಟಿದ್ದೀನಲ್ಲ. ಬೋಲ್ಟಿನ ಕಾಲುಗಳನ್ನ ಕತ್ತರಿಸಿ ಗಟರ್ ಕ್ಲಾಂಪ್ ಬೆಸೆಸಿದೆ. ಕ್ಲಾಂಪ್ ಕಚ್ಚೋ ಕಡೆ ರಬ್ಬರ್ ಪಟ್ಟಿ, ಲೋಹಕ್ಕೆ ಲೋಹ ತಾಗಬಾರದು. ಮುಂದಿನ ಕಾಲು ಉಕ್ಕಿನ ಭಾಗದ ಮೇಲೆ, ಹಿಂದಿನ ಕಾಲು ಎರಡು ಕಿಟಕಿಯ ನಡುವಿನ ನಿಟ್ಟುಗಂಬದ ನೇರಕ್ಕೆ. ಗಾಜಿನ ಮಧ್ಯಕ್ಕೆ ಬಂದ್ರೆ ಭಾರ ಹೊರೋಕೆ ಕೆಳಗೆ ಯಾರೂ ಇಲ್ಲ. ಈ ಕಂಬದ ಮಾತು ಆಚಾರ್ರದ್ದು. ಕ್ಯಾರಿಯರನ್ನ ತೂಕಕ್ಕಿಟ್ಟೆ, 18 ಕೆಜಿ. ಒಟ್ಟು ಐವತ್ತು ದಾಟಬಾರದು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೀನಿ, ಅಂದ್ರೆ ಸಾಮಾನಿಗೆ ಸಿಗೋದು 32. ತಲೆಯ ಮೇಲಿನ ಭಾರ ತಿರುವಿನಲ್ಲಿ ಬೇರೆಯೇ ಮಾತಾಡುತ್ತೆ, ಡ್ರಮ್ ಬ್ರೇಕಿನ ಗಾಡಿಯಲ್ಲಂತೂ. ಇನ್ನು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಆಷಾಢದಲ್ಲಿ ಹೈವೇಗೆ ಬಂದ್ರೆ ಖಾಲಿ ಕ್ಯಾರಿಯರೇ ಕೊಳಲಿನ ಹಾಗೆ ಕೂಗುತ್ತೆ, ಪಕ್ಕದಿಂದ ಲಾರಿ ಹೋದ್ರೆ ಸ್ಟೀರಿಂಗ್ ಕೈಯಲ್ಲಿ ಅಲ್ಲಾಡುತ್ತೆ. ಕೆಲಸ ಇಲ್ಲದ ತಿಂಗಳು ಬಿಚ್ಚಿ ಕೊಟ್ಟಿಗೆಯಲ್ಲಿ ನೇತುಹಾಕ್ತೀನಿ.

ತಮ್ಮನಿಗೆ ಇಷ್ಟೆಲ್ಲ ಹೇಳಿದೆ. ಫೋನಲ್ಲೇ, ಮುಕ್ಕಾಲು ಗಂಟೆ. ಅವನು ತಾಳ್ಮೆಯಿಂದ ಕೇಳಿ, "ಸರಿ ಅಣ್ಣ, ಈಗ ಕ್ಯಾರಿಯರ್ ಇದೆಯಾ ಇಲ್ವಾ?" ಅಂದ. ಈ ಪೀಳಿಗೆಗೆ ಕೈ ಮುಗೀಬೇಕು.

ಇದೆ ಕಣೋ, ಶ್ರಾವಣದಲ್ಲಿ ಬಾ ಅಂದೆ. ಬಂದ, ಹುಡುಗಿ ಸಮೇತ, ಕ್ಯಾಮೆರಾದವರ ಸಮೇತ. ಹೊಸದುರ್ಗದಿಂದ ಹಿರಿಯೂರಿಗೆ ಅಕ್ಕನ ಮನೆಗೆ ಸುಲಿದ ತೆಂಗಿನಕಾಯಿ ಕಳಿಸೋದಿತ್ತು, ಎರಡು ಚೀಲದಲ್ಲಿ ಐವತ್ತು ಕಾಯಿ. ಸೂಟ್‌ಕೇಸ್ ಎರಡನ್ನೂ ಬಿಚ್ಚಿಸಿದೆ. ಹುಡುಗಿಯೇ ಮೊದಲು ಚೂಡಿದಾರದ ತೋಳು ಮಡಚಿ ಕಾಯಿ ತುಂಬೋಕೆ ಕೂತ್ಲು. ಒಂದೊಂದಕ್ಕೆ ಇಪ್ಪತ್ತೈದು ಹಿಡೀತು, ಮುಚ್ಚಳ ಸರಿಯಾಗಿ ಹಾಕೋಕಾಗದೆ ಹಗ್ಗ ಬಿಗಿದ್ವಿ. ಹಿನ್ನೀರಿನ ಹತ್ರ ತೆಗೆದ ಫೋಟೋದಲ್ಲಿ ಒಂದು ಸೂಟ್‌ಕೇಸಿನ ಸಂದಿಯಿಂದ ಕಾಯಿಯ ಜುಟ್ಟು ಹೊರಗೆ ಇಣುಕ್ತಿದೆ. ಕ್ಯಾಮೆರಾದವನು ಅದನ್ನ ಕಂಪ್ಯೂಟರಲ್ಲಿ ಅಳಿಸಿಬಿಡ್ತೀನಿ ಅಂದನಂತೆ. ಹುಡುಗಿ ಬೇಡ ಅಂದ್ಲಂತೆ.