‘ತಕ್ಕದ್ದು’ ಯಾರಿಗೆ?

ನಮ್ಮ ಕಾನೂನಿನ ಕನ್ನಡದಲ್ಲಿ ‘ತಕ್ಕದ್ದು’ ಎಂಬ ಒಂದು ಪದವುಂಟು. ಅರ್ಜಿ ಸಲ್ಲಿಸತಕ್ಕದ್ದು, ಶುಲ್ಕ ಪಾವತಿ ಮಾಡತಕ್ಕದ್ದು, ಖುದ್ದಾಗಿ ಹಾಜರಿರತಕ್ಕದ್ದು. ಇಂಗ್ಲಿಷಿನ ‘ಷಲ್’ ಎಂಬುದಕ್ಕೆ ನಮ್ಮ ಭಾಷಾಂತರಕಾರರು ತೊಡಿಸಿದ ರುಮಾಲು ಅದು. ಕಿವಿಗೆ ಗಡುಸಾಗಿಯೇ ಕೇಳುತ್ತದೆ. ಆದರೆ ಅದರ ಬಲವೆಲ್ಲ ಅದರ ಹಿಂದೆ ಬರುವ ‘ತಪ್ಪಿದಲ್ಲಿ’ ಎಂಬ ಮಾತಿನಲ್ಲಿದೆ. ಆ ಮಾತು ಬಾರದಿದ್ದರೆ ತಕ್ಕದ್ದು ಎಂಬುದು ಜಗುಲಿಯ ಮೇಲೆ ಕುಳಿತ ಮುದುಕರ ಬುದ್ಧಿವಾದದಂತೆ. ಕೇಳಿದರೆ ಕೇಳಿದರು, ಬಿಟ್ಟರೆ ಬಿಟ್ಟರು.

ಪಿಎಚ್.ಡಿ. ಪದವಿಯ ಮಹಾಪ್ರಬಂಧವನ್ನು ಸಲ್ಲಿಸುವುದು, ಪರೀಕ್ಷಿಸುವುದು ಇವನ್ನು ಕುರಿತ ನಿಯಮಗಳನ್ನು ಈಚೆಗೆ ಕುಳಿತು ಓದಿದೆ. ಅಭ್ಯರ್ಥಿಗೆ ಹೇಳಿದ ತಕ್ಕದ್ದುಗಳ ಹಿಂದೆ ‘ತಪ್ಪಿದಲ್ಲಿ’ ಕೋಲು ಹಿಡಿದು ನಿಂತಿದೆ. ವಿಶ್ವವಿದ್ಯಾನಿಲಯಕ್ಕೆ ಹೇಳಿದ ಬಹುಮುಖ್ಯವಾದ ಒಂದು ತಕ್ಕದ್ದಿನ ಹಿಂದೆ ಯಾರೂ ಇಲ್ಲ. ನನ್ನ ತಕರಾರು ಇಷ್ಟೇ. ಈ ಇಷ್ಟರಲ್ಲಿಯೇ ಎಷ್ಟೋ ಮಂದಿಯ ಎಷ್ಟೋ ತಿಂಗಳುಗಳು ಹೂತುಹೋಗುತ್ತಿವೆಯಾದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯವಾಗಿದೆ.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೨ರ ನವೆಂಬರ್ ೭ರಂದು ಪ್ರಕಟಿಸಿದ ನಿಯಮಾವಳಿಯ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿದರೆ ಮತ್ತೆರಡು ವರ್ಷ ಸಿಗಬಹುದು. ಮಹಿಳೆಯರಿಗೂ, ಶೇಕಡ ೪೦ಕ್ಕಿಂತ ಹೆಚ್ಚು ಅಂಗವೈಕಲ್ಯ ಉಳ್ಳವರಿಗೂ ಅದರ ಮೇಲೆ ಇನ್ನೆರಡು ವರ್ಷ; ಹೆರಿಗೆ ಮತ್ತು ಮಗುವಿನ ಪಾಲನೆಗೆಂದು ಮಹಿಳೆಯರಿಗೆ ೨೪೦ ದಿನಗಳವರೆಗೆ ರಜೆ. ಇವೆಲ್ಲ ನ್ಯಾಯವಾದ ಮಾತುಗಳೇ; ನಾನು ತಪ್ಪು ಹುಡುಕುವುದಿಲ್ಲ. ಮೊದಲು ಕೋರ್ಸ್ ವರ್ಕ್ ಮುಗಿಸಿ ಪರೀಕ್ಷೆ ಬರೆಯಬೇಕು. ಪ್ರತಿ ಸೆಮಿಸ್ಟರಿನಲ್ಲೂ ಸಲಹಾ ಸಮಿತಿಯ ಮುಂದೆ ನಿಂತು ಇಷ್ಟು ಓದಿದೆ, ಇಷ್ಟು ಬರೆದೆ ಎಂದು ಒಪ್ಪಿಸಬೇಕು. ಕೊನೆಗೆ ಸಲ್ಲಿಕೆಗೆ ಮುಂಚೆ ಇನ್ನೊಮ್ಮೆ ಮಂಡನೆ. ಕೃತಿಚೌರ್ಯ ಮಾಡಿಲ್ಲವೆಂಬ ಪ್ರಮಾಣಪತ್ರ. ಮಾರ್ಗದರ್ಶಕರ ರುಜು, ವಿಭಾಗದ ರುಜು, ಗ್ರಂಥಾಲಯದಲ್ಲಿ ಬಾಕಿಯಿಲ್ಲವೆಂಬ ರುಜು. ಗಡುವು ಮೀರಿದರೆ ದಂಡ. ತೀರ ಮೀರಿದರೆ ನೋಂದಣಿಯೇ ರದ್ದು.

ಹೀಗೆ ಐದಾರು ವರ್ಷ ಗಡಿಯಾರ ನೋಡಿಕೊಂಡು ಓಡಿದ ಅಭ್ಯರ್ಥಿಯು ಒಂದು ಮಧ್ಯಾಹ್ನ ತನ್ನ ಮಹಾಪ್ರಬಂಧದ ಪ್ರತಿಗಳನ್ನು ಪರೀಕ್ಷಾ ಶಾಖೆಯ ಮೇಜಿನ ಮೇಲೆ ಇಡುತ್ತಾನೆ. ಅಲ್ಲಿಂದಾಚೆಗೆ ಗಡಿಯಾರ ವಿಶ್ವವಿದ್ಯಾನಿಲಯದ ಕೈಗೆ ಹೋಗುತ್ತದೆ. ಅದು ಅಲ್ಲಿಗೆ ಹೋದೊಡನೆ ನಿಂತುಬಿಡುತ್ತದೆ.

ನಿಯಮದಲ್ಲಿ ಕಾಲಮಿತಿ ಇಲ್ಲವೆ? ಇದೆ. ಮಹಾಪ್ರಬಂಧ ಸಲ್ಲಿಸಿದ ದಿನದಿಂದ ಆರು ತಿಂಗಳೊಳಗೆ ಮೌಲ್ಯಮಾಪನವೂ ಮೌಖಿಕ ಪರೀಕ್ಷೆಯ ಫಲಿತಾಂಶವೂ ಮುಗಿಯತಕ್ಕದ್ದು ಎಂದು ೨೦೨೨ರ ನಿಯಮ ಸ್ಪಷ್ಟವಾಗಿ ಹೇಳಿದೆ. ೨೦೧೬ರ ನಿಯಮಾವಳಿಯಲ್ಲಿಯೂ ಆರು ತಿಂಗಳೆಂದೇ ಇತ್ತು. ಅಲ್ಲಿ ಮಾತ್ರ, ಅಷ್ಟರೊಳಗೆ ಮುಗಿಸಲು ತಕ್ಕ ವಿಧಾನಗಳನ್ನು ರೂಪಿಸಿಕೊಳ್ಳತಕ್ಕದ್ದು ಎಂಬ ಸೌಮ್ಯವಾದ ಮಾತಿತ್ತು. ಈಗ ಮಾತು ಬಿಗಿಯಾಗಿದೆ. ಆದರೆ ಏಳನೆಯ ತಿಂಗಳು ಬಂದರೆ ಏನು? ಹದಿನಾಲ್ಕನೆಯ ತಿಂಗಳು ಬಂದರೆ? ನಿಯಮ ಬಾಯಿ ಬಿಡುವುದಿಲ್ಲ. ದಂಡ ಯಾರು ಕಟ್ಟಬೇಕು, ವಿವರಣೆ ಯಾರು ಕೊಡಬೇಕು, ಕಾದವನಿಗೆ ಏನು ಪರಿಹಾರ, ಒಂದಕ್ಷರವಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬುದು ಗಾದೆ. ಈ ಮನೆಯಲ್ಲಿ ಸೊಸೆಗೆ ಕಾಲವೇ ಬರುವುದಿಲ್ಲ.

ಆಯೋಗದ ಹತ್ತಿರ ಚಾವಟಿ ಇಲ್ಲವೆಂದಲ್ಲ. ೨೦೨೫ರ ಜನವರಿಯಲ್ಲಿ ರಾಜಸ್ಥಾನದ ಮೂರು ವಿಶ್ವವಿದ್ಯಾನಿಲಯಗಳು ಪಿಎಚ್.ಡಿ. ನಿಯಮಗಳನ್ನು ಪಾಲಿಸಲಿಲ್ಲವೆಂದು ಐದು ವರ್ಷ ಯಾರನ್ನೂ ಸಂಶೋಧನೆಗೆ ಸೇರಿಸಿಕೊಳ್ಳದಂತೆ ಅದು ತಡೆಯಿತು. ಸರಿಯೇ. ಆದರೆ ಅಂಗಡಿ ಮುಚ್ಚಿಸುವಷ್ಟು ದೊಡ್ಡ ಶಿಕ್ಷೆ ಒಂದು ಪ್ರಬಂಧದ ಕಡತ ಒಂದು ಕಪಾಟಿನಲ್ಲಿ ಕೊಳೆಯುವುದನ್ನು ತಪ್ಪಿಸಲಾರದು. ಅದಕ್ಕೆ ಬೇಕಾದದ್ದು ಸಣ್ಣ ಶಿಕ್ಷೆ, ಸಣ್ಣ ಕೈಗೆ ತಟ್ಟುವ ಶಿಕ್ಷೆ.

ಆ ತಿಂಗಳುಗಳು ಎಲ್ಲಿ ಕರಗುತ್ತವೆ ಎಂದು ಹೊರಗಿನವರು ಕೇಳಬಹುದು. ಮಾರ್ಗದರ್ಶಕರು ಪರೀಕ್ಷಕರ ಪಟ್ಟಿ ಕೊಡಬೇಕು. ಅದು ಮಂಡಳಿಯ ಮುಂದೆ ಹೋಗಿ, ಕುಲಸಚಿವರ ಮೇಜು ದಾಟಿ, ಕುಲಪತಿಗಳ ಬಳಿಗೆ ಏರಬೇಕು. ಕುಲಪತಿಗಳ ಹುದ್ದೆ ಖಾಲಿಯಿದ್ದರೆ ಅಥವಾ ಪ್ರಭಾರದಲ್ಲಿದ್ದರೆ ಪಟ್ಟಿಯೂ ಪ್ರಭಾರದಲ್ಲಿಯೇ ಇರುತ್ತದೆ. ಆಯ್ಕೆಯಾದ ಪರೀಕ್ಷಕರಿಗೆ ಒಪ್ಪಿಗೆ ಕೇಳಿ ಪತ್ರ ಹೋಗುತ್ತದೆ. ಉತ್ತರ ಬಾರದಿದ್ದರೆ ಜ್ಞಾಪನಾಪತ್ರ. ಅದಕ್ಕೂ ಬಾರದಿದ್ದರೆ ಪಟ್ಟಿಯಲ್ಲಿನ ಮುಂದಿನ ಹೆಸರು. ಒಪ್ಪಿದವರು ಓದಬೇಕು, ಬರೆಯಬೇಕು. ಹೊರಗಿನ ಇಬ್ಬರಲ್ಲಿ ಒಬ್ಬರು ತೃಪ್ತಿಕರವಲ್ಲವೆಂದರೆ ಮತ್ತೊಬ್ಬರಿಗೆ ಹೋಗಬೇಕು. ಇದರಲ್ಲಿ ನಿಜವಾಗಿ ಓದಿಗೆ ಬೇಕಾದ ಕಾಲ ಎಷ್ಟು? ಮುನ್ನೂರು ಪುಟದ ಪ್ರಬಂಧವನ್ನು ಶ್ರದ್ಧೆಯುಳ್ಳ ಒಬ್ಬ ಪ್ರಾಧ್ಯಾಪಕರು ಎರಡು ವಾರದಲ್ಲಿ ಓದಿ ವರದಿ ಬರೆಯಬಲ್ಲರು. ಮಿಕ್ಕದ್ದೆಲ್ಲ ಕಾಗದವು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತೀರ್ಥಯಾತ್ರೆ ಮಾಡುವ ಕಾಲ.

ನನ್ನ ತಂಗಿಯ ಮಗಳೊಬ್ಬಳು ಸೋಬಾನೆ ಪದಗಳನ್ನು ಕುರಿತು ಮಹಾಪ್ರಬಂಧ ಬರೆದಿದ್ದಾಳೆ. ಹಾಡುವ ಮುದುಕಿಯರನ್ನು ಹುಡುಕಿಕೊಂಡು ಬಸ್ಸಿನಲ್ಲಿ ಊರೂರು ಅಲೆದವಳು. ಸಲ್ಲಿಸುವಾಗ ಗಡುವಿಗೆ ಎರಡು ದಿನ ತಡವಾಯಿತೆಂದು ದಂಡ ಕಟ್ಟಿಸಿಕೊಂಡು ರಸೀತಿ ಕೊಟ್ಟರು. ಅದಾಗಿ ಹದಿನಾಲ್ಕು ತಿಂಗಳಾಯಿತು. ಫೋನು ಮಾಡಿದಾಗಲೆಲ್ಲ ನಾನು “ಏನಾಯಿತಮ್ಮಾ?” ಎನ್ನುತ್ತೇನೆ. “ಒಬ್ಬರ ವರದಿ ಬಂದಿದೆಯಂತೆ ಮಾವ, ಇನ್ನೊಬ್ಬರದು ಬರಬೇಕಂತೆ” ಎನ್ನುತ್ತಾಳೆ. ಆ ಇನ್ನೊಬ್ಬರು ಯಾರೆಂದು ಆಕೆಗೆ ತಿಳಿಯಕೂಡದು. ಅದು ಗೋಪ್ಯ, ಇರಲಿ. ಆದರೆ ಅವರಿಗೆ ಪ್ರಬಂಧ ತಲುಪಿದ್ದು ಯಾವಾಗ, ನೆನಪು ಮಾಡಿದ್ದು ಎಷ್ಟು ಸಲ ಎಂಬುದೂ ಗೋಪ್ಯವೆ?

ಆಕೆ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಯುಜಿಸಿ ಅರ್ಹತೆಯುಳ್ಳ ಅತಿಥಿಗಳಿಗೆ ಒಂದು ಗೌರವಧನ, ಇಲ್ಲದವರಿಗೆ ಅದಕ್ಕಿಂತ ಕಡಿಮೆ. ನೆಟ್ ಅಥವಾ ಕೆ-ಸೆಟ್ ತೇರ್ಗಡೆಯಾಗದವರಿಗೆ ಪಿಎಚ್.ಡಿ.ಯೇ ಆ ಅರ್ಹತೆ. ಹೀಗಾಗಿ ಪರೀಕ್ಷಕರೊಬ್ಬರು ಕಟ್ಟು ಬಿಚ್ಚದೆ ಬಿಟ್ಟ ಪ್ರತಿಯೊಂದು ತಿಂಗಳನ್ನೂ ಆಕೆಯ ಮನೆಯ ಖರ್ಚಿನಿಂದ ಕಳೆಯಬೇಕು. ಫೆಲೋಷಿಪ್ ಪಡೆದವರ ಪಾಡೂ ಕೊನೆಗೆ ಇದೇ. ಜೆ.ಆರ್.ಎಫ್. ಎಂದರೆ ೨೦೨೩ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಆಮೇಲಿನ ಮೂರು ವರ್ಷ ೪೨,೦೦೦. ಐದು ವರ್ಷ ತುಂಬಿದರೆ ನಿಂತಿತು. ಅದಕ್ಕೆ ಮುಂಚೆ ಪ್ರಬಂಧ ಸಲ್ಲಿಸಿದರೆ ಅಂದೇ ನಿಂತಿತು. ಬೇಗ ಮುಗಿಸಿದವನಿಗೆ ಬಹುಮಾನವೇನೆಂದರೆ ಬೇಗ ಸಂಬಳ ನಿಲ್ಲುವುದು, ಆಮೇಲೆ ಬರಿಗೈಯಲ್ಲಿ ಕಾಯುವುದು!

“ಏನು ಸ್ವಾಮಿ, ಕಳಪೆ ಪ್ರಬಂಧಗಳು ರಾಶಿರಾಶಿ ಬರುತ್ತಿವೆ, ನಿಯಮ ಬಿಗಿಮಾಡಿ ಎನ್ನುವ ಬದಲು ಬೇಗ ಪದವಿ ಕೊಡಿ ಎನ್ನುತ್ತೀರಲ್ಲ” ಎಂದು ಹಿರಿಯ ಪ್ರಾಧ್ಯಾಪಕ ಮಿತ್ರರೊಬ್ಬರು ನನ್ನನ್ನು ಗದರಿಸಿದರು. ಬೇಗ ಕೊಡಿ ಎಂದು ನಾನೆಲ್ಲಿ ಹೇಳಿದೆ? ಬೇಗ ಓದಿ ಎನ್ನುತ್ತಿದ್ದೇನೆ. ಓದಿ ತಿರಸ್ಕರಿಸಿದರೂ ನನಗೆ ಸಂತೋಷವೇ. ಕಳಪೆ ಪ್ರಬಂಧಗಳು ದಾಟಿಹೋಗುವುದು ಅಭ್ಯರ್ಥಿಗೆ ಕಾಲ ಹೆಚ್ಚಾದದ್ದರಿಂದಲ್ಲ, ಪರೀಕ್ಷಕರು ಓದದೆ ವರದಿ ಕೊಡುವುದರಿಂದ. ಒಂದು ವರ್ಷ ಇಟ್ಟುಕೊಂಡು ಕೊನೆಗೆ ಕಚೇರಿಯ ಕಾಟ ತಾಳಲಾರದೆ ಒಂದು ಸಂಜೆ ಬರೆದು ಕಳಿಸುವ ಒಂದೂವರೆ ಪುಟದ ವರದಿಯನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ.

ಓದುವುದರ ಬದಲು ನಾವು ಎಣಿಸುವುದನ್ನು ಕಲಿತಿದ್ದೇವೆ. ೨೦೧೮ರ ಕೃತಿಚೌರ್ಯ ನಿಯಮಗಳಂತೆ ಹೋಲಿಕೆ ಶೇಕಡ ೧೦ರವರೆಗೆ ಇದ್ದರೆ ದೋಷವಿಲ್ಲ, ೧೦ರಿಂದ ೪೦ರವರೆಗೆ ತಿದ್ದಿ ಸಲ್ಲಿಸಬೇಕು, ೪೦ರಿಂದ ೬೦ಕ್ಕೆ ಒಂದು ವರ್ಷ ಹೊರಗೆ, ೬೦ ದಾಟಿದರೆ ನೋಂದಣಿ ರದ್ದು. ಇದನ್ನು ಯಂತ್ರ ಹೇಳುತ್ತದೆ. ಕದಿಯುವವನಿಗೆ ಭಯವಿರಲಿ, ಒಳ್ಳೆಯದೇ. ಆದರೆ ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚು ಮಾಡಿದ ಕನ್ನಡ ಪ್ರಬಂಧ ಯೂನಿಕೋಡ್ ಮಾತ್ರ ಬಲ್ಲ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದರಲ್ಲಿ ಇಡೀ ಅಧ್ಯಾಯ ಕದ್ದಿದ್ದರೂ ಶೇಕಡಾವಾರು ಪರಿಶುದ್ಧವಾಗಿಯೇ ಬರುತ್ತದೆ. ಇಂಥ ಕಳ್ಳತನ ಹಿಡಿಯುವುದಕ್ಕೆ ಆ ವಿಷಯದ ಪುಸ್ತಕಗಳನ್ನು ಓದಿದ ಒಬ್ಬ ಮನುಷ್ಯ ಬೇಕು. ಪ್ರಬಂಧ ಸಲ್ಲಿಸುವ ಮುನ್ನ ಪತ್ರಿಕೆಯಲ್ಲಿ ಲೇಖನ ಅಚ್ಚಾಗಿರಬೇಕೆಂಬ ೨೦೧೬ರ ಕಡ್ಡಾಯವೂ ಇದೇ ಜಾತಿಯ ಎಣಿಕೆ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳಿಗೆ ಒಳ್ಳೆಯ ಸುಗ್ಗಿಯಾಯಿತು. ೨೦೨೨ರಲ್ಲಿ ಆಯೋಗ ಆ ಕಡ್ಡಾಯವನ್ನು ತೆಗೆದದ್ದು ಒಳ್ಳೆಯ ಕೆಲಸ.

ಇನ್ನು ಮೌಖಿಕ ಪರೀಕ್ಷೆ. ಅದು ಮುಕ್ತವಾಗಿರಬೇಕು, ಅಧ್ಯಾಪಕರೂ ಸಂಶೋಧಕರೂ ಆಸಕ್ತರೂ ಬಂದು ಕೇಳಬಹುದು ಎಂಬುದು ಏರ್ಪಾಡು. ನಿವೃತ್ತನಾದ ಮೇಲೆ ಇಂಥ ನಾಲ್ಕಾರು ಸಭೆಗಳಿಗೆ ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೇನೆ. ಸೂಚನಾಫಲಕದಲ್ಲಿ ತಾರೀಖು ಇರುತ್ತದೆ, ಪ್ರಬಂಧ ಮಾತ್ರ ಎಲ್ಲೂ ಇರುವುದಿಲ್ಲ. ‘ಶೋಧಗಂಗಾ’ ಎಂಬ ಜಾಲತಾಣಕ್ಕೆ ಅದು ಏರುವುದು ಪರೀಕ್ಷೆಯೆಲ್ಲ ಮುಗಿದ ಮೇಲೆ. ಓದದ ಪುಸ್ತಕದ ಮೇಲೆ ಸಭಿಕರು ಏನು ಕೇಳಬೇಕು? ಪರದೆಯ ಮೇಲೆ ಚಿತ್ರ ಸರಿಯುತ್ತವೆ, “ನಿಮ್ಮ ಸಂಶೋಧನೆಯ ಮುಖ್ಯ ಕೊಡುಗೆ ಏನು?” ಎಂಬ ಪ್ರಶ್ನೆ ಬರುತ್ತದೆ, ಮಾರ್ಗದರ್ಶಕರು ನಗುತ್ತಾರೆ, ಅಷ್ಟರಲ್ಲಿ ಮೈಸೂರುಪಾಕಿನ ಪೊಟ್ಟಣಗಳು ಬರುತ್ತವೆ. ಶಾಲು, ಹಾರ, ಪರೀಕ್ಷಕರ ಊಟ, ಎಲ್ಲ ಅಭ್ಯರ್ಥಿಯ ಲೆಕ್ಕದಲ್ಲಿ. ಪರೀಕ್ಷೆಯೋ ಸೀಮಂತವೋ ತಿಳಿಯದು.

ಪರದೇಶದ ಹೆಸರೆತ್ತಿದರೆ ನಮ್ಮವರಿಗೆ ಕೋಪ ಬರುತ್ತದೆ, ಆದರೂ ಹೇಳುತ್ತೇನೆ. ಸ್ವೀಡನ್ನಿನ ಉಪ್ಸಾಲದಂಥ ವಿಶ್ವವಿದ್ಯಾನಿಲಯಗಳಲ್ಲಿ ಪ್ರಬಂಧವನ್ನು ಸಾರ್ವಜನಿಕವಾಗಿ ಮೊಳೆ ಹೊಡೆದು ತೂಗುಹಾಕುವ ಪದ್ಧತಿಯಿದೆ. ಪರೀಕ್ಷೆಗೆ ಸಾಮಾನ್ಯವಾಗಿ ಮೂರು ವಾರ ಮೊದಲು. ಯಾರು ಬೇಕಾದರೂ ಓದಿಕೊಂಡು ಬಂದು ಪ್ರಶ್ನೆ ಕೇಳಲಿ ಎಂದು. ಹಾಲೆಂಡಿನ ಲೈಡನ್ನಿನಲ್ಲಿ ಪ್ರಾಧ್ಯಾಪಕರು ಮಹಾಗೌನು ತೊಟ್ಟು ಪ್ರಶ್ನೆ ಕೇಳುತ್ತಿರುವಾಗ, ನಿಗದಿಯಾದ ಹೊತ್ತು ಮುಗಿಯುತ್ತಲೆ ಕೋಲು ಹಿಡಿದ ಅಧಿಕಾರಿ ಒಳಗೆ ಬಂದು ‘ಹೋರಾ ಎಸ್ಟ್’, ಎಂದರೆ ‘ಹೊತ್ತಾಯಿತು’, ಎಂದು ಸಾರುತ್ತಾನೆ. ಎಂಥ ಪಂಡಿತರಾದರೂ ಬಾಯಿ ಮುಚ್ಚಬೇಕು. ಅಲ್ಲಿ ಗಡಿಯಾರ ಗುರುಗಳಿಗೂ ನಡೆಯುತ್ತದೆ.

ನಮ್ಮಲ್ಲಿ ಮಹಾಪ್ರಬಂಧವನ್ನು ಓದುವ ಜನರೇ ಇಲ್ಲವೆಂದು ಯಾರೂ ಹೇಳಬಾರದು. ಎಂ. ಚಿದಾನಂದಮೂರ್ತಿಗಳ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ೧೯೬೬ರಲ್ಲಿ ಪುಸ್ತಕವಾಗಿ ಬಂದ ಪಿಎಚ್.ಡಿ. ಪ್ರಬಂಧ. ಜಿ.ಎಸ್. ಶಿವರುದ್ರಪ್ಪನವರು ಕುವೆಂಪು ಅವರ ಮಾರ್ಗದರ್ಶನದಲ್ಲಿ ಬರೆದ ‘ಸೌಂದರ್ಯ ಸಮೀಕ್ಷೆ’ಯೂ ಅಂಥದೇ. ಅವನ್ನು ಪರೀಕ್ಷಕರಷ್ಟೇ ಅಲ್ಲ, ಪರೀಕ್ಷೆಯ ಗೊಡವೆಯಿಲ್ಲದ ಸಾಮಾನ್ಯ ಓದುಗರೂ ಓದಿದರು.

ಪರಿಹಾರಕ್ಕೆ ದೂರ ಹೋಗಬೇಕಾಗಿಲ್ಲ. ‘ಸಕಾಲ’ ಎಂಬ ಕಾಯಿದೆಯನ್ನು ನಮ್ಮ ರಾಜ್ಯವೇ ೨೦೧೧ರಲ್ಲಿ ಮಾಡಿತು. ಸರ್ಕಾರಿ ಕಚೇರಿಯ ಇಂತಿಂಥ ಕೆಲಸಕ್ಕೆ ಇಂತಿಷ್ಟು ದಿನ. ತಡವಾದರೆ ಅರ್ಜಿದಾರನಿಗೆ ದಿನಕ್ಕೆ ೨೦ ರೂಪಾಯಿ, ಹೆಚ್ಚೆಂದರೆ ೫೦೦, ಅದೂ ತಡಮಾಡಿದ ನೌಕರನ ಕೈಯಿಂದ. ಮೊತ್ತ ಚಿಕ್ಕದು, ತತ್ತ್ವ ದೊಡ್ಡದು. ಮಹಾಪ್ರಬಂಧಕ್ಕೂ ಇಂಥದೊಂದು ‘ತಪ್ಪಿದಲ್ಲಿ’ ಬರಲಿ. ಆರು ತಿಂಗಳು ಮೀರಿದರೆ ಅಭ್ಯರ್ಥಿಯಿಂದ ಮುಂದೆ ಯಾವ ಶುಲ್ಕವನ್ನೂ ಕೇಳಕೂಡದು, ಕಟ್ಟಿಸಿಕೊಂಡ ದಂಡವನ್ನು ಹಿಂದಿರುಗಿಸಬೇಕು, ಫೆಲೋಷಿಪ್ಪು ಫಲಿತಾಂಶದವರೆಗೆ ನಡೆಯಬೇಕು. ಪರೀಕ್ಷಕರ ಒಪ್ಪಿಗೆಯನ್ನು ಸಾರಲೇಖ ಬಂದಾಗಲೇ ಪಡೆದಿಟ್ಟುಕೊಳ್ಳಬಹುದು. ಒಪ್ಪಿ ಎರಡು ತಿಂಗಳಲ್ಲಿ ವರದಿ ಕೊಡದವರನ್ನು ಪಟ್ಟಿಯಿಂದ ಬಿಡಬಹುದು. ಓದಿದವರಿಗೆ ತಕ್ಕ ಸಂಭಾವನೆಯನ್ನೂ ಕೊಡಬೇಕು; ಪುಕ್ಕಟೆಯಾಗಿ ಓದಿ ಎನ್ನುವುದು ನ್ಯಾಯವಲ್ಲ. ಮುಕ್ತ ಪರೀಕ್ಷೆಗೆ ಮೂರು ವಾರ ಮೊದಲು ಪ್ರಬಂಧದ ಒಂದು ಪ್ರತಿಯನ್ನು ಗ್ರಂಥಾಲಯದ ಮೇಜಿನ ಮೇಲೆ ಇಡಲಿ. ಮೊಳೆ ಹೊಡೆಯುವುದು ಬೇಡ.

ಇದಕ್ಕೆಲ್ಲ ಮೊದಲು, ಸಲ್ಲಿಕೆಯಾಗಿ ಆರು ತಿಂಗಳು ದಾಟಿದ ಎಷ್ಟು ಪ್ರಬಂಧಗಳು ಪರೀಕ್ಷಾ ಶಾಖೆಯಲ್ಲಿವೆ, ಒಂದೊಂದೂ ಯಾವ ಮೇಜಿನ ಮೇಲೆ ಎಷ್ಟು ದಿನದಿಂದ ಇದೆ ಎಂಬುದು ಹೊರಗೆ ಬರಬೇಕು. ೨೦೦೫ರ ಮಾಹಿತಿ ಹಕ್ಕು ಕಾಯಿದೆಯಂತೆ ಇದನ್ನು ಕೇಳಲು ೧೦ ರೂಪಾಯಿ ಸಾಕು. ಉತ್ತರಕ್ಕೆ ೩೦ ದಿನ. ಸಕಾರಣವಿಲ್ಲದೆ ತಪ್ಪಿದಲ್ಲಿ ಅಧಿಕಾರಿಗೆ ದಿನಕ್ಕೆ ೨೫೦ ರೂಪಾಯಿಯಂತೆ ೨೫,೦೦೦ದವರೆಗೆ ದಂಡ. ಕಳೆದ ಸೋಮವಾರ ನಾನು ಅಂಥದೊಂದು ಅರ್ಜಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ.