ನಿಶ್ಶಬ್ದದ ಬೆಲೆ ಯಾರು ಕೊಡಬೇಕು?

ಮುಂಬಯಿಯ ಲೋಕಲ್ ರೈಲಿನಲ್ಲಿ ಓಡಾಡುವವರಿಗೆ ಕಲ್ಯಾಣ್ ಎಂದರೆ ನೂಕುನುಗ್ಗಲಿನ ಜಂಕ್ಷನ್. ಆದರೆ ಭಾರತದ ರೇಡಿಯೊ ಖಗೋಳವಿಜ್ಞಾನ ಅಂಬೆಗಾಲಿಟ್ಟದ್ದು ಅಲ್ಲಿ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ ಮತ್ತು ಅವರ ತರುಣ ಸಂಗಡಿಗರು 1965ರಲ್ಲಿ ಕಲ್ಯಾಣ್‌ನಲ್ಲಿ 32 ಡಿಶ್‌ಗಳನ್ನು ನಿಲ್ಲಿಸಿದರು. ಒಂದೊಂದರ ವ್ಯಾಸ ಆರೇ ಅಡಿ. ಎಲ್ಲವೂ ಆಸ್ಟ್ರೇಲಿಯದವರು ಬಳಸಿ ಬಿಟ್ಟು, ಉಡುಗೊರೆಯಾಗಿ ಕೊಟ್ಟವು.

ಆ ಡಿಶ್‌ಗಳು ನೋಡುತ್ತಿದ್ದದ್ದು ಸೂರ್ಯನನ್ನು. ಸ್ವರೂಪ್ ಅವರ ಮನಸ್ಸು ಮಾತ್ರ ಇನ್ನೂ ದೂರಕ್ಕೆ ಹೋಗಿತ್ತು. 3ಸಿ 273 ಎಂಬ ರೇಡಿಯೊ ಆಕರವನ್ನು ಚಂದ್ರ ಮರೆಮಾಡಿದ ಕ್ಷಣವನ್ನು ಅಳೆದು, ಅದರ ನಿಖರ ಜಾಗವನ್ನು 1962ರಲ್ಲಿ ಆಸ್ಟ್ರೇಲಿಯದಲ್ಲಿ ಗುರುತಿಸಲಾಗಿತ್ತು. ನಕ್ಷತ್ರದಂತೆ ಕಾಣುವ ಅದು ಇನ್ನೂರು ಕೋಟಿ ಜ್ಯೋತಿರ್ವರ್ಷಕ್ಕೂ ಆಚೆ ಇದೆ ಎಂದು ಮರುವರ್ಷ ಮಾರ್ಟೆನ್ ಸ್ಮಿತ್ ತೋರಿಸಿದರು. ಕ್ವೇಸಾರ್‌ಗಳ ಕಥೆ ಶುರುವಾದದ್ದು ಹೀಗೆ. ಚಂದ್ರನನ್ನೇ ಉಪಕರಣವಾಗಿಸುವ ಈ ಉಪಾಯದಿಂದಲೇ ಊಟಿಯ ಇಳಿಜಾರಿನಲ್ಲಿ 530 ಮೀಟರ್ ಉದ್ದದ ದೂರದರ್ಶಕ 1970ರಲ್ಲಿ ಎದ್ದು ನಿಂತಿತು. ಮುಂದೆ ಪುಣೆ ಜಿಲ್ಲೆಯ ನಾರಾಯಣಗಾಂವ್ ಬಳಿ ತಲಾ 45 ಮೀಟರ್ ವ್ಯಾಸದ 30 ಡಿಶ್‌ಗಳ ಜಿಎಂಆರ್‌ಟಿ ಬಂತು.

ನಾರಾಯಣಗಾಂವ್ ಯಾಕೆ? ಅಲ್ಲಿ ರೇಡಿಯೊ ಗದ್ದಲ ಕಡಿಮೆ, ಸುತ್ತ ಬೆಟ್ಟಗಳ ಮರೆಯಿದೆ. ಚಂದ್ರನ ಮೇಲೆ ಒಂದು ಮೊಬೈಲ್ ಫೋನ್ ಇಟ್ಟರೆ ಅದು ಆಕಾಶದ ಅತಿ ಪ್ರಖರ ರೇಡಿಯೊ ಆಕರಗಳಲ್ಲಿ ಒಂದಾದೀತು. ದೂರದಿಂದ ಬರುವ ಸಂಕೇತಗಳು ಅಷ್ಟು ಕ್ಷೀಣ.

ಅದಕ್ಕೊಂದಿಷ್ಟು ತರಂಗಾಂತರ ಮೀಸಲಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಹೈಡ್ರೋಜನ್ ಪರಮಾಣುವಿನ ಸಂಕೇತ ಹೊರಡುವುದು 1420 ಮೆಗಾಹರ್ಟ್ಸ್‌ನಲ್ಲಿ. ಆ ಜಾಗಕ್ಕೆ ಅಂತರರಾಷ್ಟ್ರೀಯ ರಕ್ಷಣೆಯಿದೆ. ಆದರೆ ವಿಶ್ವ ಹಿಗ್ಗುತ್ತಿರುವುದರಿಂದ, ಆಕರ ದೂರವಾದಷ್ಟೂ ಸಂಕೇತ ಕೆಳಗಿಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅರ್ಣಬ್ ಚಕ್ರವರ್ತಿ ಜಿಎಂಆರ್‌ಟಿಯಿಂದ ಹಿಡಿದು 2023ರಲ್ಲಿ ಪ್ರಕಟಿಸಿದ ಸಂಕೇತ 880 ಕೋಟಿ ವರ್ಷ ಪಯಣಿಸಿ ಬಂದದ್ದು. ಭೂಮಿ ಹುಟ್ಟುವುದಕ್ಕೂ ಮೊದಲೇ ಹೊರಟ ಅದು ಇಲ್ಲಿಗೆ ತಲುಪುವಾಗ ಸುಮಾರು 620 ಮೆಗಾಹರ್ಟ್ಸ್ ಆಗಿತ್ತು. 2022ರ 5ಜಿ ಹರಾಜಿನಲ್ಲಿ 600 ಮೆಗಾಹರ್ಟ್ಸ್ ಬ್ಯಾಂಡನ್ನೂ ಮಾರಾಟಕ್ಕಿಟ್ಟಿದ್ದರು, ಯಾರೂ ಕೊಳ್ಳಲಿಲ್ಲ. ಪ್ರತಿ ಸಲವೂ ಹಾಗೇ ಆದೀತೆಂಬ ಭರವಸೆಯಿಲ್ಲ. ಹಾಗಾಗಿ ತರಂಗಾಂತರದ ಜೊತೆಗೆ ಜಾಗವನ್ನೂ ಕಾಯಬೇಕು.

ಜಾಗ ಕಾಯುವುದು ಪುಕ್ಕಟೆಯ ಕೆಲಸವಲ್ಲ. ಪುಣೆ–ನಾಸಿಕ್ ಸೆಮಿ ಹೈಸ್ಪೀಡ್ ರೈಲುಮಾರ್ಗ ಜಿಎಂಆರ್‌ಟಿಯ ಹತ್ತಿರ ಹಾಯುವುದಕ್ಕೆ ಆಕ್ಷೇಪ ಬಂದು, ರೈಲ್ವೆ ಬೇರೆ ದಾರಿ ಹುಡುಕಬೇಕಾಯಿತು. ವಿದ್ಯುತ್ ರೈಲಿನ ತಂತಿಯಲ್ಲಿ ಹಾರುವ ಕಿಡಿಯೂ ದೂರದರ್ಶಕಕ್ಕೆ ಗದ್ದಲವೇ. ವಿಜ್ಞಾನಿಗಳ ಆಕ್ಷೇಪ ನ್ಯಾಯವಾದದ್ದು. ಆದರೆ ರೈಲಿಗಾಗಿ ಕಾದಿದ್ದ ಜುನ್ನರ್ ಸೀಮೆಯ ಟೊಮೆಟೊ, ಈರುಳ್ಳಿ ಬೆಳೆಗಾರರ ಸಿಟ್ಟೂ ನ್ಯಾಯವಾದದ್ದೇ. ಅವರನ್ನು ವಿಜ್ಞಾನದ ವಿರೋಧಿಗಳೆಂದು ಜರೆಯುವುದು ಸುಲಭ, ಅಷ್ಟೇ ತಪ್ಪು.

ನಿಶ್ಶಬ್ದದ ಫಲ ಇಡೀ ದೇಶಕ್ಕೆ, ಲೋಕಕ್ಕೆ. ಅದರ ಬೆಲೆ ಮಾತ್ರ ಒಂದು ತಾಲ್ಲೂಕಿಗೆ ಎಂದರೆ ಆ ನಿಶ್ಶಬ್ದ ಬಹಳ ದಿನ ಉಳಿಯದು. ರೈಲು ಕೈತಪ್ಪಿದ ಊರುಗಳಿಗೆ ಒಳ್ಳೆಯ ರಸ್ತೆ, ಶೀತಲ ಗೋದಾಮು, ಸಮಯಕ್ಕೆ ಸರಿಯಾದ ಬಸ್ಸು ಕೊಡುವ ಖರ್ಚನ್ನು ದೂರದರ್ಶಕದ ಖರ್ಚೆಂದೇ ಲೆಕ್ಕಕ್ಕೆ ಹಿಡಿಯಬೇಕು. ಡಿಶ್‌ಗಳ ನಿರ್ವಹಣೆಗೆ ಹಣ ತೆಗೆದಿಡುವ ಸರ್ಕಾರ, ಅವುಗಳ ಸುತ್ತ ಬಾಳುವವರ ತ್ಯಾಗಕ್ಕೂ ತೆಗೆದಿಡಲಿ. ಬಳಸಿಬಿಟ್ಟ ಡಿಶ್‌ಗಳಿಂದ ಕಲ್ಯಾಣ್‌ನಲ್ಲಿ ಆರಂಭಿಸಿ ಇಷ್ಟು ದೂರ ಬಂದ ದೇಶಕ್ಕೆ ಅದೇನೂ ದುಬಾರಿಯಾಗದು.